ಆಚಾರ್ರ ಉಳಿಪೆಟ್ಟಿಗೆ ನನಗೆ ಬಂದ ಬಗೆ

ನಾನು ಮಂಜನನ್ನು ಇಸ್ಪೀಟಿನಲ್ಲಿ ಮೋಸದಿಂದ ಸೋಲಿಸಿದೆ. ಆ ಸೋಲಿಗಾಗಿ ಅವನಪ್ಪ, ನನಗೆ ಕಸುಬು ಕಲಿಸಿದ ಗುರು, ಮಗನ ಜೊತೆ ಮಾತು ಬಿಟ್ಟರು. ಮಾತು ಬಿಟ್ಟ ಹಾಗೆಯೇ ತೀರಿಕೊಂಡರು. ನಾನು ಒಂದು ಸತ್ಯ ಹೇಳಿದ್ದರೆ ಸಾಕಿತ್ತು — ಹೇಳಲಿಲ್ಲ. ಹನ್ನೊಂದು ವರ್ಷ ಅದನ್ನು ಎದೆಯಲ್ಲಿ ಮುಚ್ಚಿಟ್ಟುಕೊಂಡು, ಕಿರಂಗೂರಿನಲ್ಲಿ ನಿಯತ್ತಿನ ಬಡಗಿ ಎಂದು ಹೆಸರು ಮಾಡಿಕೊಂಡು ಬದುಕಿದೆ.

ನನ್ನ ಹೆಸರು ಇನ್ನಾಸಪ್ಪ. ನಮ್ಮದು ಕ್ರೈಸ್ತರ ಮನೆ, ಅಪ್ಪ ಗಾರೆ ಕೆಲಸದವನು. ಬೂಕನಕೆರೆಯಲ್ಲಿ ಒಬ್ಬರ ಮನೆ ಕಟ್ಟುವಾಗ ಅಲ್ಲಿ ಬಾಗಿಲು ಕೂರಿಸಲು ಬಂದಿದ್ದ ಕಾಳಾಚಾರ್ರನ್ನು ಕೈಮುಗಿದು ಕೇಳಿದ — ಮಗನಿಗೆ ಮರಗೆಲಸ ಕಲಿಸಿಕೊಡಿ ಎಂದು. ಆಗ ನನಗೆ ಹದಿನೆಂಟು. ಆಚಾರ್ರ ವಿದ್ಯೆ ಮನೆಯವರ ಕೈ ದಾಟಿ ಹೊರಗೆ ಹೋಗುತ್ತಿದ್ದ ಕಾಲವಲ್ಲ. ಪಕ್ಕದಲ್ಲಿದ್ದವರು ಯಾರೋ ಅದನ್ನೇ ಎತ್ತಿದರು. ಆಚಾರ್ರು ಕೈಯಲ್ಲಿದ್ದ ಹಲಗೆಯನ್ನು ತಟ್ಟಿ, "ಮರಕ್ಕೆ ಜಾತಿ ಗೊತ್ತಾಯ್ತದಾ? ನಾಳೆಯಿಂದ ಕಳ್ಸು" ಅಂದರು.

ಆ ಮನೆಯ ಉಪ್ಪು ಏಳು ವರ್ಷ ತಿಂದೆ. ಮಂಜ ನನಗಿಂತ ಒಂದು ವರ್ಷ ಚಿಕ್ಕವನು. ಒಂದೇ ಮುದ್ದೆಯನ್ನು ಮುರಿದುಕೊಂಡು ತಿನ್ನುತ್ತಿದ್ದೆವು. ಭಾನುವಾರ ಬಂದರೆ ಆಚಾರ್ರೇ ನನ್ನ ಕೈಯಿಂದ ಗರಗಸ ಕಿತ್ತುಕೊಳ್ಳುತ್ತಿದ್ದರು. "ಇವತ್ತು ನಿಮ್ ದೇವ್ರ ದಿನ. ಓಗಿ ಕೈಮುಕ್ಕೊಂಡು ಬಾ, ಓಗು" ಎನ್ನುತ್ತಿದ್ದರು. ನನ್ನ ದೇವರನ್ನು ನನಗಿಂತ ಹೆಚ್ಚು ಗೌರವಿಸಿದ ಮನುಷ್ಯ ಅವರು.

ಅವರ ಬಳಿ ಹಲಸಿನ ಮರದ ಒಂದು ಪೆಟ್ಟಿಗೆಯಿತ್ತು. ಅದರೊಳಗೆ ಅವರ ತಾತನ ಕಾಲದ ಉಳಿಗಳು, ಬಾಚಿ, ಮರ ನಯ ಮಾಡುವ ಹತ್ತರಿ. ಮೂರು ತಲೆಮಾರಿನ ಅಂಗೈ ಉಜ್ಜಿ ಉಜ್ಜಿ ಆ ಹಿಡಿಗಳು ಕೈಗೆ ತಾವಾಗಿಯೇ ಕೂರುತ್ತಿದ್ದವು. ಒಂದು ಆಯುಧಪೂಜೆಯ ದಿನ ಕುಂಕುಮ, ಹೂವು ಏರಿಸಿದ ಆ ಪೆಟ್ಟಿಗೆಯನ್ನು ಆಚಾರ್ರು ಮಂಜನ ಕೈಗೆ ಕೊಟ್ಟರು. ಮಗನಿಗೆ ಕೊಟ್ಟರು, ಅದರಲ್ಲಿ ತಪ್ಪೇನಿದೆ? ನಾನೂ ಅಲ್ಲೇ ನಿಂತಿದ್ದೆ. ನಗುತ್ತಲೇ ನಿಂತಿದ್ದೆ. ಒಳಗೆ ಮಾತ್ರ — ಮಂಜನ ಕೈ ಒರಟು, ನನ್ನ ಕೈ ಹದ, ಇದು ನನ್ನದಾಗಬೇಕಿತ್ತು — ಎಂಬ ಒಂದೇ ಮಾತು ಹುಳುವಿನಂತೆ ಕೊರೆಯತೊಡಗಿತು. ದುರಾಸೆ ಎಂದರೆ ಹಣದ ಆಸೆ ಎಂದುಕೊಂಡಿದ್ದೆ. ಹಣದ ಆಸೆ ನನಗೆ ಅಷ್ಟಿರಲಿಲ್ಲ. ನನಗೆ ಬೇಕಾಗಿದ್ದದ್ದು ಇನ್ನೊಬ್ಬನಿಗೆ ಸಿಕ್ಕ ಆಶೀರ್ವಾದ.

ನನಗೆ ಮೂವತ್ತೈದು ದಾಟಿದ ಮೇಲೆ ನಾವಿಬ್ಬರೂ ಸೇರಿ ಪಾಂಡವಪುರದ ಹತ್ತಿರ ಒಂದು ಮನೆಯ ಕೆಲಸ ಹಿಡಿದೆವು. ಅದರ ಹಿಂದೆ ಕಬ್ಬಿನ ಗದ್ದೆ, ಗದ್ದೆಯಲ್ಲೊಂದು ಪಂಪ್‌ಸೆಟ್ ಮನೆ. ಭಾನುವಾರ ಮಧ್ಯಾಹ್ನ ಅಲ್ಲಿ ಇಸ್ಪೀಟು ಆಡಲು ಜನ ಸೇರುತ್ತಿದ್ದರು. ಮೊದಲು ಸುಮ್ಮನೆ ನೋಡಲು ಹೋದೆವು. ಆಮೇಲೆ ಕೂತೆವು. ಬೆಳಿಗ್ಗೆ ಚರ್ಚಿನ ಪೂಜೆಯಲ್ಲಿ ಮಂಡಿಯೂರಿ ಪರಮಪ್ರಸಾದ ಸ್ವೀಕರಿಸಿದ ನಾಲಿಗೆಯಲ್ಲೇ ಮಧ್ಯಾಹ್ನ "ಒಳಗೆ", "ಹೊರಗೆ" ಎಂದು ಕೂಗುತ್ತಿದ್ದೆ. ಆಟ ಸುಲಭ. ಒಂದು ಎಲೆಯನ್ನು ತೆರೆದಿಟ್ಟು, ಉಳಿದ ಎಲೆಗಳನ್ನು ಒಂದು ಒಳಗೆ, ಒಂದು ಹೊರಗೆ ಎಂದು ಹಾಕುತ್ತಾ ಹೋಗುವುದು. ಅದರ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆ ಕಟ್ಟಿದವನು ಗೆದ್ದ.

ಆ ಭಾನುವಾರ ಮಂಜ ಸೋಲುತ್ತಲೇ ಹೋದ. ಜೇಬು ಖಾಲಿಯಾಯಿತು, ಬೈಕೂ ಹೋಯಿತು. ಉಳಿದವರು ಸಾಕೆಂದು ಎದ್ದುಹೋದರು. ನಾನು ಅವನ ಹೆಗಲ ಮೇಲೆ ಕೈಹಾಕಿ ಮನೆಗೆ ಕರೆದೊಯ್ಯಬಹುದಿತ್ತು. ಅದರ ಬದಲು ಎಲೆ ಕಲಸುತ್ತಾ ಹೇಳಿದೆ — ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ — "ಪೆಟ್ಟಿಗೆ ಇಡ್ಲಾ ಮಂಜ. ಒಂದೇ ಆಟ. ಗೆದ್ರೆ ನೀನ್ ಸೋತಿದ್ದಷ್ಟೂ ದುಡ್ಡು ನಾನ್ ಕೊಡ್ತೀನಿ."

ಮಂಜ ನನ್ನ ಮುಖ ನೋಡಿದ. ನಂಬಿಕೆಯಿಂದ ನೋಡಿದ. ಆಮೇಲೆ "ಒಳಗೆ" ಅಂದ.

ತೆರೆದಿಟ್ಟದ್ದು ಏಳು. ನಾಲ್ಕಾರು ಎಲೆ ಬಿದ್ದವು. ಒಳಗಿನ ಸರದಿ ಬಂದಾಗ ಮೇಲಿದ್ದ ಎಲೆಯ ಅಂಚು ನನ್ನ ಕಡೆಗೆ ಸ್ವಲ್ಪ ಬಾಗಿತ್ತು. ಅದು ಏಳು. ಮಂಜ ಗೆದ್ದಿದ್ದ. ನನ್ನ ಹೆಬ್ಬೆರಳು ಆ ಎಲೆಯನ್ನು ತಡೆದು, ಅದರ ಕೆಳಗಿನದನ್ನು ಎಳೆದು ಒಳಗೆ ಹಾಕಿತು. ನಂತರ ಏಳನ್ನು ಹೊರಗೆ ಹಾಕಿದೆ. ಹೆಬ್ಬೆರಳು ಹಾಕಿತು ಎಂದು ಬರೆದೆನಲ್ಲ — ಇಲ್ಲ, ನಾನೇ ಹಾಕಿದೆ. ಕದಿಯುವ ಧೈರ್ಯ ನನಗಿರಲಿಲ್ಲ. ಜೂಜಿನಲ್ಲಿ ಗೆದ್ದವನನ್ನು ಯಾರೂ ಕಳ್ಳ ಅನ್ನುವುದಿಲ್ಲವಲ್ಲ, ಅದಕ್ಕೇ ಜೂಜಾಡಿದೆ.

ಮಂಜ ತಾನೇ ಪೆಟ್ಟಿಗೆಯನ್ನು ಹೊತ್ತು ತಂದು ನನ್ನ ಮುಂದಿಟ್ಟ. "ಆಟ ಅಂದ್ರೆ ಆಟ ಕಣ್ಲಾ" ಅಂದ. ಅಷ್ಟೇ.

ಮೂರನೆಯ ದಿನ ಆಚಾರ್ರು ಬಸ್ಸು ಹತ್ತಿ ನನ್ನ ಮನೆಗೆ ಬಂದರು. ಪೆಟ್ಟಿಗೆ ಕೇಳಲು ಬಂದರೆಂದುಕೊಂಡೆ. ಅವರು ಕೇಳಲಿಲ್ಲ. ಮುಚ್ಚಳ ತೆಗೆದು ಒಂದೊಂದೇ ಉಳಿಯನ್ನು ಮುಟ್ಟಿ ನೋಡಿ, ಮತ್ತೆ ಮುಚ್ಚಿದರು. "ಇನ್ನಾಸಿ, ಜೂಜಿಗೆ ಅಪ್ಪನ್ನ ಇಟ್ಟಂಗೆ ಇದನ್ನ ಇಟ್ಬುಟ್ಟ ಅವ್ನು. ಇನ್ ಮ್ಯಾಕೆ ಅವ್ನು ನನ್ ಮಗ ಅಲ್ಲ. ನಿನ್ ಕೈಗೆ ಬಂತಲ್ಲ, ಅದೊಂದೇ ಸಮಾಧಾನ. ನೀನು ನಿಯತ್ತಿನವ್ನು, ಇದನ್ನ ಉಳಿಸ್ಕತೀಯ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಆಗಲಾದರೂ ಬಾಯಿ ತೆರೆಯಬಹುದಿತ್ತು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತು — ಎಷ್ಟು ಹೊತ್ತು ಇತ್ತು ಅದು — ಒಂದು ಮಾತು ಹೇಳಿದ್ದರೆ ಅವರು ಅಲ್ಲಿಂದಲೇ ಮಗನ ಹತ್ತಿರ ಓಡುತ್ತಿದ್ದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ನನಗೆ ಬೇಕಾಗಿದ್ದ ಆಶೀರ್ವಾದ ಕಡೆಗೂ ಸಿಕ್ಕಿತ್ತು.

ಎರಡು ವರ್ಷಕ್ಕೆ ಆಚಾರ್ರು ಹೋದರು. ಕಡೆಯ ದಿನಗಳಲ್ಲಿ ಮಂಜ ಮಂಚದ ಪಕ್ಕ ಕೂತಿದ್ದರೂ ಅವರು ಗೋಡೆಯ ಕಡೆಗೇ ಮುಖ ಮಾಡಿ ಮಲಗುತ್ತಿದ್ದರಂತೆ. ಮಂಜ ಮರಗೆಲಸ ಬಿಟ್ಟು ಡೇರಿಯ ಹಾಲಿನ ವ್ಯಾನು ಓಡಿಸತೊಡಗಿದ್ದ. ಮತ್ತೆಂದೂ ಎಲೆ ಮುಟ್ಟಲಿಲ್ಲ. ನೆಂಟರ ಬಾಯಲ್ಲಿ ಮಾತ್ರ ಅವನು 'ಅಪ್ಪನ ಪೆಟ್ಟಿಗೆ ಕಳೆದವನು' ಎಂದೇ ಉಳಿದ.

ನಾನೂ ಆಮೇಲೆ ಎಲೆ ಮುಟ್ಟಲಿಲ್ಲ, ದುಡಿದೆ. ಆ ಉಳಿಗಳಿಂದ ಎಷ್ಟೋ ಬಾಗಿಲು ಕೆತ್ತಿದೆ. ಒಂದು ಮೊಳೆ ಉಳಿದರೂ ಮನೆಯವರಿಗೆ ವಾಪಸು ಕೊಟ್ಟೆ. ಈಗ ಜೂಜು ಫೋನಿನೊಳಗೇ ಬಂದು ಕೂತಿದೆ. ಅದರಲ್ಲಿ ಮುಳುಗಿದ ನಮ್ಮ ಯುವಕರಿಗೆ ಬುದ್ಧಿ ಹೇಳಲು ಚರ್ಚಿನಲ್ಲಿ ನನ್ನನ್ನೇ ನಿಲ್ಲಿಸಿದರು. ಯೇಸುಸ್ವಾಮಿಯೂ ಬಡಗಿಯ ಮನೆಯಲ್ಲಿ ಬೆಳೆದವರು, ಬೆವರಿನ ಅನ್ನವೇ ಅನ್ನ ಎಂದೆಲ್ಲ ಹೇಳಿದೆ. ಚೆನ್ನಾಗಿ ಹೇಳಿದೆನಂತೆ. ಶಾಲು ಹೊದಿಸಿದರು.

ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಚರ್ಚಿನ ಗೋಡೆಯ ಮೇಲಿನ ಶಿಲುಬೆಹಾದಿಯ, ಅಂದರೆ ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಕಥೆಯ, ಹದಿನಾಲ್ಕು ಮರದ ಕೆತ್ತನೆಗಳನ್ನು ದುರಸ್ತಿಗೆಂದು ನನ್ನಲ್ಲಿಗೆ ತಂದರು. ಹತ್ತನೆಯದರಲ್ಲಿ ಯೇಸುಸ್ವಾಮಿಯ ಅಂಗಿ ಕಳಚುತ್ತಾರೆ. ಮೂಲೆಯಲ್ಲಿ ಸೈನಿಕರು ಕುಕ್ಕರಗಾಲಲ್ಲಿ ಕೂತು, ಆ ಅಂಗಿ ಯಾರಿಗೆ ಎಂದು ಚೀಟು ಹಾಕುತ್ತಿದ್ದಾರೆ. ಗೆದ್ದವನ ಮೂಗು ಮುರಿದಿತ್ತು, ನಾನು ಹೊಸದು ಕೆತ್ತಬೇಕಾಗಿತ್ತು. ಆಚಾರ್ರ ಸಣ್ಣ ಉಳಿ ಹಿಡಿದು ಅವನ ಮುಖದ ಹತ್ತಿರ ಬಗ್ಗಿದೆ. ಪಕ್ಕದಲ್ಲೇ ಒಬ್ಬ ಸಾಯಲು ಹೊರಟಿದ್ದಾನೆ, ಇವನಿಗೆ ಅಂಗಿ ಸಿಕ್ಕಿದ ಸಂತೋಷ... ನನ್ನ ಕೈ ಮುಂದಕ್ಕೆ ಹೋಗಲಿಲ್ಲ.

ಪಾಪನಿವೇದನೆಗೆ ಮಂಡಿಯೂರಿದೆ. ಫಾದರ್ ಎಲ್ಲ ಕೇಳಿ, "ದೇವರು ಕ್ಷಮಿಸುತ್ತಾನೆ ಇನ್ನಾಸಪ್ಪ. ಆದರೆ ನೀನು ಕಸಿದಿರುವುದು ಮಂಜನದು. ಅದನ್ನು ಅವನಿಗೇ ಕೊಡಬೇಕು" ಎಂದರು. ಮನೆಗೆ ಬಂದು ನನ್ನ ಹೆಂಡತಿ ತೆರೇಜಮ್ಮನಿಗೆ ಹೇಳಿದೆ. ಅವಳು ಪೆಟ್ಟಿಗೆಯ ಧೂಳು ಒರೆಸಿದಳು. ಅದನ್ನು ಆಟೋದಲ್ಲಿಟ್ಟುಕೊಂಡು ಬೂಕನಕೆರೆಗೆ ಹೋದೆ.

ಮಂಜ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿದ. ಅವನ ಹೆಂಡತಿ ಸುಶೀಲ ಬಾಗಿಲಲ್ಲಿ ನಿಂತಿದ್ದಳು.

"ಅಂಗಾರೆ ಏಳು ಒಳಗೆ ಬಿದ್ದಿತ್ತಾ?" ಅಂದ ಮಂಜ.

"ಬೀಳ್ಬೇಕಾಗಿತ್ತು. ನಾನ್ ಬೀಳಕ್ಕೆ ಬುಡ್ಲಿಲ್ಲ."

ಅವನು ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. "ನಂಗ್ ಯೋಳ್ದೆ, ಸರಿ. ಅಪ್ಪಂಗೆ ಯಾರ್ಲಾ ಯೋಳೋರು?" ಎಂದು ಎದ್ದು ಒಳಗೆ ಹೋದ.

ಸುಶೀಲ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. "ಬಿಸಿಲಲ್ಲಿ ಬಂದಿದ್ದೀರಿ, ಕುಡೀರಿ. ಇನ್ನೊಂದ್ಸಲ ಬರಬ್ಯಾಡಿ ಅಂತ ನಾನ್ ಯೋಳಕ್ಕಿಲ್ಲ ಇನ್ನಾಸಣ್ಣ. ಬನ್ನಿ ಅಂತಲೂ ಯೋಳಕ್ಕಿಲ್ಲ" ಅಂದಳು. ಪೆಟ್ಟಿಗೆಯನ್ನು ಜಗಲಿಯ ಮೇಲೆ ಬಿಟ್ಟು ಬಂದೆ.

ತಿಂಗಳು ಕಳೆದ ಮೇಲೆ ಮಂಜನ ಫೋನು ಬಂತು. "ಬುಧವಾರ ಅಪ್ಪನ ತಿಥಿ. ನೆಂಟ್ರೆಲ್ಲಾ ಬತ್ತಾವ್ರೆ. ಅವ್ರ ಮುಂದೆ ನೀನು ಯೋಳ್ಬೇಕು" ಅಂದ. ಬರುತ್ತೇನೆ ಅಂದೆ.

ಹೋದೆ. ನಡುಮನೆಯಲ್ಲಿ ಆಚಾರ್ರ ಫೋಟೋಗೆ ಹಾರ ಹಾಕಿದ್ದರು. ಇಪ್ಪತ್ತು ಜನರ ಮುಂದೆ, ಆ ಫೋಟೋದ ಕಡೆ ತಿರುಗಿ ಹೇಳಿದೆ. ಮಂಜ ಗೆದ್ದಿದ್ದ. ನಾನು ಎಲೆ ಬದಲಿಸಿದೆ. ನೀವು ನನ್ನ ತಲೆಯ ಮೇಲೆ ಕೈಯಿಟ್ಟಾಗಲೂ ಬಾಯಿ ಬಿಡಲಿಲ್ಲ. ಜೂಜಿಗೆ ಕೂತಿದ್ದು ಇಬ್ಬರ ತಪ್ಪು, ಪೆಟ್ಟಿಗೆ ಇಡಿಸಿದ್ದೂ ಕಸಿದಿದ್ದೂ ನಾನೊಬ್ಬನೇ. ಕಡೆಯವರೆಗೆ ಹೇಳಿದೆ.

ಯಾರೋ ಬೈದರು. ಯಾರೋ ಎದ್ದು ಹೊರಗೆ ಹೋದರು. ಗೋಡೆಗೆ ಒರಗಿ ಕೂತಿದ್ದ ಆಚಾರ್ರ ಅಕ್ಕ, ತೊಂಬತ್ತರ ಹತ್ತಿರದ ಮುದುಕಿ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಂಜನನ್ನು ಹತ್ತಿರ ಕರೆದು, ಅವನ ನರೆತ ಗಡ್ಡದ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಸವರಿದರು. "ಇಷ್ಟ್ ವರ್ಷ ನಿನ್ನ ಏನೇನೋ ಅಂದ್ಬುಟ್ವಲ್ಲೋ ಕಂದ" ಅಂದರು. ಐವತ್ತರ ಹತ್ತಿರದ ಮಂಜ ಅವರ ಮಡಿಲಲ್ಲಿ ಮುಖವಿಟ್ಟು ಮಗುವಿನಂತೆ ಅತ್ತ.

ನಾನು ಬಾಗಿಲ ಬಳಿ ನಿಂತು ಅದನ್ನು ನೋಡಿದೆ. ಅವನ ಕೆನ್ನೆ ಸವರಿದ ಆ ಕೈ ಆಚಾರ್ರದ್ದಾಗಿರಬೇಕಿತ್ತು.