ಅಕ್ಕನ ಹೆಸರಿನ ಒಂಬತ್ತು ವರ್ಷ

ಮೊನ್ನೆ ಪಾಯಸಕ್ಕೆಂದು ಗೇರುಬೀಜದ ಒಳಸಿಪ್ಪೆ ತೆಗೆಯುತ್ತ ಜಗಲಿಯಲ್ಲಿ ಕುಳಿತಿದ್ದೆ. ಆ ಕೆಂಪು ಸಿಪ್ಪೆಗೆ ಒಂದು ಒಗರು ವಾಸನೆ ಇದೆ. ಬೇರೆಯವರಿಗೆ ಅದು ತಿಳಿಯುವುದೂ ಇಲ್ಲ. ನನಗೆ ಮಾತ್ರ ಅದು ಹದಿನಾಲ್ಕು ವರ್ಷ ಸೀಗೆಪುಡಿ ಹಾಕಿ ತೊಳೆದರೂ ಕೂದಲಿನಿಂದ ಹೋಗದಿದ್ದ ವಾಸನೆ. ಎದುರಿಗೆ, ಮೊಮ್ಮಕ್ಕಳಾದ ನಿಮ್ಮೆಲ್ಲರಲ್ಲಿ ದೊಡ್ಡವಳಾದ ಅಶ್ವಿನಿ ಗೋಡೆಯ ಕಡೆ ಮುಖ ಮಾಡಿ ನಿಂತು ಭಾಷಣ ಕಲಿಯುತ್ತಿದ್ದಳು. ಅವಳ ಕಾನೂನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಂತೆ. ಅನ್ಯಾಯವಾಗಿ ಕೆಲಸ ಕಳೆದುಕೊಂಡವರಿಗೆ ಕೋರ್ಟು ಕೊಡಿಸುವ ಪರಿಹಾರಕ್ಕೆ ಒಂದು ಮಿತಿ ಇರಬೇಕೇ ಬೇಡವೇ ಎಂಬುದು ವಿಷಯ. ಇರಬೇಕು ಎನ್ನುವ ಪಕ್ಷ ಅವಳದ್ದು.

"ಮಿತಿ ಇಲ್ಲದಿದ್ದರೆ ಸಣ್ಣ ಮಾಲೀಕರು ಬಾಗಿಲು ಹಾಕಬೇಕಾಗುತ್ತದೆ," ಎಂದು ಗೋಡೆಗೆ ಹೇಳಿದಳು. "ಎಷ್ಟು ವರ್ಷದ ಸೇವೆಗೆ ಎಷ್ಟು ಹಣ ಎಂದು ಮೊದಲೇ ಗೊತ್ತಿದ್ದರೆ ಇಬ್ಬರಿಗೂ ನಿಶ್ಚಿಂತೆ." ಮತ್ತೆ ನನ್ನ ಕಡೆ ತಿರುಗಿ, "ಸರಿ ಉಂಟಾ ಅಜ್ಜಿ?" ಎಂದು ಕೇಳಿದಳು.

"ಚೆನ್ನಾಗಿ ಉಂಟು," ಎಂದೆ. ಅಷ್ಟೇ. ನಾನು ಮಾತಾಡುವುದು ಕಡಿಮೆ ಎಂದು ನಿಮಗೆ ಗೊತ್ತು. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ಆಗಲೂ ಮಾಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಬೆಂಚಿನ ಅಡಿಯಲ್ಲಿ ಏನೋ ಬೀಳಿಸಿಕೊಂಡವಳಂತೆ ಬಗ್ಗಿ ಹುಡುಕುತ್ತಿದ್ದೆ.

ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದೆ ಎಂಬುದು ನಿಮಗೆ ತಿಳಿದಿದೆ. ಅಲ್ಲಿಂದ ನನ್ನನ್ನು ತೆಗೆದುಹಾಕಿದ್ದರು ಎಂಬುದು ತಿಳಿದಿಲ್ಲ.

ಸೇರಿದ್ದು ಹದಿನಾರನೆಯ ವಯಸ್ಸಿನಲ್ಲಿ. ಹದಿನೆಂಟು ಆಗದವರ ಹೆಸರನ್ನು ಅಲ್ಲಿ ಪುಸ್ತಕಕ್ಕೆ ಹಾಕುತ್ತಿರಲಿಲ್ಲ. ಆದ್ದರಿಂದ ಅಕ್ಕ ಸುಮತಿಯ ಹೆಸರು ಬರೆಸಿ ಕೆಲಸಕ್ಕೆ ನಾನು ಹೋದೆ. ಅಮ್ಮನಿಗೆ ಕಾಯಿಲೆ, ಅಕ್ಕ ಮನೆಯಲ್ಲಿ ನಿಲ್ಲಲೇಬೇಕಾಗಿತ್ತು. ಇದು ಮೋಸ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಸಿಪ್ಪೆ ತೆಗೆಯುವ ವಿಭಾಗದಲ್ಲಿ ಅರ್ಧದಷ್ಟು ಹುಡುಗಿಯರು ಅಕ್ಕಂದಿರ, ಚಿಕ್ಕಮ್ಮಂದಿರ ಹೆಸರಿಗೆ ಓಗೊಡುವವರೇ. ಹಾಜರಿ ಕರೆಯುವ ಮೇಸ್ತ್ರಿಗೆ ತಲೆ ಎಣಿಸಿದರೆ ಸಾಕು, ಮುಖ ಬೇಕಿರಲಿಲ್ಲ. ನನಗಂತೂ ಎಷ್ಟು ಅಭ್ಯಾಸವಾಗಿತ್ತೆಂದರೆ, ಬಸ್ಸಿನಲ್ಲಿ ಯಾರಾದರೂ ಸುಮತಿ ಎಂದರೆ ಥಟ್ಟನೆ ತಿರುಗಿ ನೋಡುತ್ತಿದ್ದೆ.

ಒಂಬತ್ತು ವರ್ಷದ ಮೇಲೆ ಅಕ್ಕನಿಗೆ ವೇಣೂರಿನ ಸಂಬಂಧ ಕೂಡಿಬಂತು. ಸುಮತಿ ಕೆಲಸ ಬಿಟ್ಟಳೆಂದು ಪುಸ್ತಕದಲ್ಲಿ ಬರೆಸಿ, ಅವಳಿಂದ ಸಹಿ ಹಾಕಿಸಿ, ಪಿ.ಎಫ್. ಹಣ ತೆಗೆದೆವು. ಮೂಡುಬಿದಿರೆಯಲ್ಲಿ ಅವಳಿಗೆ ಮಾಡಿಸಿದ ಚಿನ್ನದ ಸರ ಅದರದ್ದೇ. ಮರುದಿನ ನನ್ನನ್ನು ನನ್ನ ಹೆಸರಿನಲ್ಲಿ ಹೊಸಬಳೆಂದು ಸೇರಿಸಿಕೊಂಡರು. "ಹೊಸಬಳ ಕೈ ಭಾರೀ ಚುರುಕು ಉಂಟು," ಎಂದು ಮೇಸ್ತ್ರಿ ನಕ್ಕ.

ಹೀಗೆ ಇನ್ನೂ ಐದು ವರ್ಷ. ನನ್ನ ಮದುವೆಯೂ ಆಯಿತು. ಕೆಲಸದಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಐಸಮ್ಮ. ನಾನು ಆಡದೆ ಉಳಿಸಿದ ಮಾತನ್ನೆಲ್ಲ ಅವಳು ಆಡಿ ಮುಗಿಸುತ್ತಿದ್ದಳು. ಒಂದು ದಿನ ಅವಳ ಬೀಜ ತೂಕದಲ್ಲಿ ಕಡಿಮೆ ಬಂತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಾಳೆ ಎಂದರು. ಹುಡುಕಿದಾಗ ಸಿಕ್ಕಿದ್ದು ಎಲೆಅಡಿಕೆಯ ಸಂಚಿ. ಆದರೂ ಮ್ಯಾನೇಜರು ನನ್ನ ಮುಂದೆ ಒಂದು ಕಾಗದ ಇಟ್ಟು, ಅವಳು ಕದ್ದದ್ದನ್ನು ಕಂಡೆ ಎಂದು ಸಹಿ ಮಾಡಲು ಹೇಳಿದರು. ನಾನು ಕಂಡಿರಲಿಲ್ಲ. ಕಂಡಿಲ್ಲ ಎಂದು ಹೇಳಲಿಕ್ಕೂ ಬಾಯಿ ಬರಲಿಲ್ಲ. ಅವರು ಮೂರು ಸಲ ಕೇಳಿದರು. ನಾನು ಕಾಗದವನ್ನೇ ನೋಡುತ್ತ ನಿಂತೆ. ಮರುದಿನ ಗೇಟಿನಲ್ಲಿ ಇಬ್ಬರನ್ನೂ ತಡೆದು, ಇನ್ನು ಬರುವುದು ಬೇಡ ಎಂದರು.

ಐಸಮ್ಮ ನನ್ನ ಧೈರ್ಯವನ್ನು ಊರಿಡೀ ಹೊಗಳಿದಳು. ಅದು ಧೈರ್ಯವಲ್ಲ, ನಾಚಿಕೆ ಎಂದು ಅವಳಿಗೆ ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ.

ಕೇಸು ಹಾಕಿಸಿದ್ದೂ ಅವಳೇ. ವರ್ಷಗಟ್ಟಲೆ ಮಂಗಳೂರಿಗೆ ಬಸ್ಸು ಹಿಡಿದೆವು. ವಿಚಾರಣೆ ನಡೆಸದೆ ತೆಗೆದದ್ದು ತಪ್ಪು ಎಂದು ಕೊನೆಗೆ ಕಾರ್ಖಾನೆಯವರೂ ಒಪ್ಪಿದರು. ಆದರೆ ಮತ್ತೆ ಕೆಲಸಕ್ಕೆ ಸೇರಿಸುವುದಿಲ್ಲ, ಪರಿಹಾರ ಕೊಟ್ಟು ಮುಗಿಸುತ್ತೇವೆ ಎಂದರು. ಸೇವೆಯ ಒಂದು ವರ್ಷಕ್ಕೆ ಇಷ್ಟು ಎಂದು ಲೆಕ್ಕ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಐಸಮ್ಮನದ್ದು ಹನ್ನೆರಡು ವರ್ಷವೆಂದು ಆಯಿತು. ನನ್ನ ಸರದಿ ಬಂದಾಗ ಕಾರ್ಖಾನೆಯ ವಕೀಲರು ಪುಸ್ತಕ ತೆರೆದು ಕೇಳಿದರು:

"ನಿಮ್ಮ ಸೇವೆ ಒಟ್ಟು ಐದು ವರ್ಷ. ಸರಿಯಾ ಅಮ್ಮ?"

ಹದಿನಾಲ್ಕು ಎಂದರೆ ಉಳಿದ ಒಂಬತ್ತು ಎಲ್ಲಿ ಎಂದು ಕೇಳುತ್ತಾರೆ. ಅಕ್ಕನನ್ನು ಕರೆಸುತ್ತಾರೆ. ಮಾಡದ ಕೆಲಸಕ್ಕೆ ಸಹಿ ಹಾಕಿ ಹಣ ತೆಗೆದವಳು ಎಂಬ ಸುದ್ದಿ ವೇಣೂರಿಗೆ ಹೋಗುತ್ತದೆ. ಅಲ್ಲಿ ಅವಳ ಅತ್ತೆ, ತಮ್ಮ ಸೊಸೆ ತಾನೇ ದುಡಿದು ಸರ ಮಾಡಿಸಿಕೊಂಡು ಬಂದವಳೆಂದು ನೆಂಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಹಿಂದಿನ ಬೆಂಚಿನಿಂದ ಐಸಮ್ಮನ ಸ್ವರ ಕೇಳಿತು: "ಹೇಳು ಮಾರಾಯ್ತಿ!"

"ಸರಿ," ಎಂದೆ ವಕೀಲರಿಗೆ.

ಹೊರಗೆ ಬಂದ ಕೂಡಲೇ ಅವಳು ಹಿಡಿದುಕೊಂಡಳು. "ಆವತ್ತು ಮೂರು ಸಲ ಕೇಳಿದರೂ ಬಾಯಿ ಬಿಡಲಿಲ್ಲ. ಇವತ್ತು ಒಂದೇ ಸಲಕ್ಕೆ ಸರಿ ಅಂತೆ! ನಿನ್ನ ಒಂಬತ್ತು ವರ್ಷ ಎಂತ, ಕಾಗೆ ಕೊಂಡುಹೋದದ್ದಾ?"

ನಿಮ್ಮ ಅಜ್ಜ ಜೊತೆಗಿದ್ದರು. "ಮೊದಲು ಗೋಳಿಬಜೆ ತಿನ್ನುವ, ಮತ್ತೆ ಬೈಯುವ," ಎಂದು ಇಬ್ಬರನ್ನೂ ಹೋಟೆಲಿಗೆ ಕರೆದುಕೊಂಡು ಹೋದರು.

ಐದು ವರ್ಷದ ಪರಿಹಾರದಲ್ಲಿ ಒಂದು ಹೊಲಿಗೆ ಮೆಷಿನ್ ಬಂತು. ಉಳಿದ ವರ್ಷಗಳದ್ದು ಸಿಕ್ಕಿದ್ದರೆ ಏನು ಬರುತ್ತಿತ್ತು ಎಂದು ನಾನು ಯೋಚಿಸಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯ ಹೆಂಚಿನ ಮಾಡು ರಿಪೇರಿ ಮಾಡಿಸಿದ ವರ್ಷ ಯೋಚಿಸಿದ್ದೇನೆ. ಹಣ ಸಾಲದೆ ಅಜ್ಜನನ್ನು ಆಸ್ಪತ್ರೆಯಿಂದ ಬೇಗ ಮನೆಗೆ ಕರೆತಂದ ವಾರ ಹೆಚ್ಚು ಯೋಚಿಸಿದ್ದೇನೆ.

ಅಶ್ವಿನಿಯ ವಾದ ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ಆ ಕಾರ್ಖಾನೆ ಆಮೇಲೆ ಮುಚ್ಚಿಯೇ ಹೋಯಿತು, ಮಾಲೀಕರಿಗೂ ಸಾಲವಿತ್ತಂತೆ. ಆದರೆ ಮಿತಿ ಹಾಕುವವರು ವರ್ಷಗಳನ್ನು ಪುಸ್ತಕ ನೋಡಿ ಎಣಿಸುತ್ತಾರೆ. ನಮ್ಮಂಥವರು ಬಹಳ ಮಂದಿ ಆ ಪುಸ್ತಕದಲ್ಲಿ ಬೇರೆ ಯಾರೋ ಆಗಿ ದುಡಿದವರು. ಇದನ್ನು ಅವಳಿಗೆ ಹೇಳಬೇಕೆನಿಸಿತು. ಹೇಳುವ ಮೊದಲು ಅಕ್ಕನನ್ನು ಕೇಳಬೇಕು. ನಿನ್ನೆ ವೇಣೂರಿಗೆ ಫೋನು ಮಾಡಿದೆ. ನಾನಾಗಿ ಫೋನು ಮಾಡುವವಳಲ್ಲವಲ್ಲ, ಎತ್ತಿದವಳೇ ಅಕ್ಕ, "ಯಾರು ಹೋದದ್ದು?" ಎಂದಳು.

ಯಾರೂ ತೀರಿಕೊಂಡಿಲ್ಲವೆಂದು ಸಮಾಧಾನ ಮಾಡಿ, ಕೋರ್ಟಿನ ವಿಷಯ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ.

"ಆಗಲೇ ಹೇಳಬಾರದಿತ್ತಾ?"

"ನಿನ್ನ ಅತ್ತೆ ಇದ್ದರಲ್ಲ ಅಕ್ಕ."

"ಅತ್ತೆ ಸತ್ತು ಎಷ್ಟು ಕಾಲ ಆಯ್ತು! ಮತ್ತೆ ಯಾರಿಗೆ ಹೆದರಿದ್ದು ನೀನು?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಮಕ್ಕಳಿಗೆ ಹೇಳು," ಎಂದಳು. "ಸರದ್ದೂ ಹೇಳು. ಆದರೆ ಮೊದಲಿನ ಎರಡು ತಿಂಗಳು ಕೆಲಸಕ್ಕೆ ಹೋದದ್ದು ನಾನೇ, ಗೊತ್ತುಂಟಲ್ಲ? ಅಮ್ಮ ಮಲಗಿದ್ದು ಆಮೇಲೆ. ಅದನ್ನು ನಿನ್ನ ಲೆಕ್ಕಕ್ಕೆ ಸೇರಿಸಬೇಡ."

ನಿಜ. ಅದನ್ನು ನಾನು ಮರೆತೇಬಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಅಶ್ವಿನಿಯನ್ನು ಕೂರಿಸಿ ಎಲ್ಲ ಹೇಳಿದೆ. ಅವಳು ಪೆನ್ನು ತೆರೆದು, ಭಾಷಣದ ಹಾಳೆಯ ಅಂಚನ್ನು ನನ್ನ ಕಡೆ ತಿರುಗಿಸಿದಳು.

"ಅಜ್ಜಿ, ಒಟ್ಟು ಎಷ್ಟು ವರ್ಷ ಕೆಲಸ ಮಾಡಿದ್ದು ನೀವು?"

"ಹದಿನಾಲ್ಕು," ಎಂದೆ. "ಎರಡು ತಿಂಗಳು ಕಡಿಮೆ."