ನಾಲ್ಕು ಬೆರಳು ಎತ್ತರದ ಹ್ಯಾಂಡಲ್

ನಮ್ಮಪ್ಪ ಹದಿನಾಲ್ಕು ಜನರ ಪುಟ್ಟ ಸೈಕಲ್ ಕಂಪನಿಯೊಂದರಲ್ಲಿ ಇದ್ದರು. ತಯಾರಾದ ಪ್ರತಿ ಸೈಕಲ್ಲನ್ನೂ ಬೀದಿಯಲ್ಲಿ ಒಂದು ಸುತ್ತು ಓಡಿಸಿ, ಬ್ರೇಕು, ಚೈನು, ಬೆಲ್ಲು ಸರಿಯಿದ್ದರೆ ಸೀಟಿನ ಕೆಳಗೆ ಸೀಮೆಸುಣ್ಣದ ಗೀಟು ಎಳೆಯುವುದು ಅವರ ಕೆಲಸ. ಸೈಕಲ್ ಓಡಿಸುವುದಕ್ಕೇ ತನಗೆ ಸಂಬಳ ಎಂಬ ಜಂಬ ಅವರಿಗೆ ಕೊನೆಯವರೆಗೂ ಇತ್ತು.

ಮೂವತ್ತು ತುಂಬುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಬಗ್ಗಲು ಆಗದು. ಯಜಮಾನರಿಗೆ ತಿಳಿದರೆ ಸೀಟಿನಿಂದ ಇಳಿಸಿ ಪ್ಯಾಕಿಂಗಿಗೆ ಕೂರಿಸುತ್ತಾರೆಂಬ ಭಯ. ಅಲ್ಲೇ ಫಿಟ್ಟರ್ ಆಗಿದ್ದ ನನ್ನ ಸೋದರಮಾವ ಉಪಾಯ ಹೂಡಿದರು. ಅಪ್ಪ ಸುತ್ತು ಹೊರಡುವ ಮುಂಚೆ ಹ್ಯಾಂಡಲ್ಲನ್ನು ನಾಲ್ಕು ಬೆರಳು ಎತ್ತುವುದು, ವಾಪಸು ಬಂದ ಮೇಲೆ ಇಳಿಸುವುದು.

ಒಂದು ದಿನ ಮಾವ ಇಳಿಸುವುದನ್ನೇ ಮರೆತರು. ಹನ್ನೆರಡು ಸೈಕಲ್ ಹಾಗೇ ಅಂಗಡಿಗೆ ಹೋದವು. ವಾರ ಕಳೆದು ಅಂಗಡಿಯವರು ಬಂದು ಯಜಮಾನರ ಎದುರು ಕೂತರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾರೂ ಕರೆಯುವ ಮುಂಚೆಯೇ ಅಪ್ಪ ಒಳಗೆ ಹೋಗಿ ಎಲ್ಲ ಒಪ್ಪಿಕೊಂಡರು.

ಯಜಮಾನರು ನಕ್ಕರು. "ಇವ್ರು ಅಂಥದ್ದೇ ಇನ್ನೂ ಐವತ್ತು ಬೇಕು ಅಂತ ಬಂದಿದ್ದಾರೆ ಕಣಯ್ಯ. ಕುರ್ಚೀಲಿ ಕೂತ ಹಾಗಿರುತ್ತಂತೆ. ನಿನ್ನ ಬೆನ್ನು ವಾಸಿ ಆಗೋದೇ ಬೇಡ ಬಿಡು."

ಎರಡೇ ವರ್ಷದಲ್ಲಿ ಊರಿನ ಬೆನ್ನು ನೆಟ್ಟಗಾಯಿತು. ಅದುವರೆಗೆ ಸೈಕಲ್ ಮುಟ್ಟದ ಟೀಚರಮ್ಮನವರು, ಹೊಟ್ಟೆ ಬಂದ ವಕೀಲರು ಎಲ್ಲರೂ 'ಕುರ್ಚಿ ಸೈಕಲ್' ಹತ್ತಿದರು. ದೊಡ್ಡ ಕಂಪನಿಗಳು ನಾಚಿಕೆಯಿಲ್ಲದೆ ನಕಲು ಹೊಡೆದವು. ಸಂಜೆ ನಾನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತರೆ ಅಪ್ಪ ಎದುರು ಬಂದ ಹ್ಯಾಂಡಲ್‌ಗಳನ್ನೆಲ್ಲ ತೋರಿಸಿ, "ನೋಡು, ಅದೂ ನಂದೇ" ಎನ್ನುತ್ತಿದ್ದರು. ಆ ಸಂಜೆಗಳು ಇನ್ನೊಮ್ಮೆ ಸಿಕ್ಕರೆ ಏನು ಬೇಕಾದರೂ ಕೊಟ್ಟೇನು.

ಆಮೇಲೆ ಬಗ್ಗಿ ಓಡಿಸುವ ರೇಸ್ ಸೈಕಲ್ಲಿನ ಹುಚ್ಚು ಬಂತು. ಯಜಮಾನರು ಅಂಥದ್ದೊಂದನ್ನು ಮಾಡಿಸಿ ಅಪ್ಪನ ಕೈಗಿತ್ತರು.

"ಬೆನ್ನು ತಡೆಯಲ್ಲ ಸಾರ್," ಎಂದರು ಅಪ್ಪ.

"ನೀನು ಓಡಿಸದ ಸೈಕಲ್ ನಂಗ್ಯಾಕೆ," ಎಂದು ಯಜಮಾನರು ಅದನ್ನು ಗೋಡೆಗೆ ಒರಗಿಸಿಬಿಟ್ಟರು. ಕುರ್ಚಿ ಸೈಕಲ್ ಕೇಳುವವರಿಲ್ಲದೆ ಆರು ವರ್ಷದಲ್ಲಿ ಕಂಪನಿ ಮುಚ್ಚಿತು.

ಅಪ್ಪ ಹೇಳಿದ್ದು ಹಸಿ ಸುಳ್ಳು. ಬೆನ್ನು ಯಾವತ್ತೋ ವಾಸಿಯಾಗಿತ್ತು. ದಿನಾ ಬೆಳಿಗ್ಗೆ ಕಂಪನಿಯ ಗೇಟಿನ ಮುಂದೆ ಬಗ್ಗಿ ನನ್ನ ಶೂ ಲೇಸ್ ಕಟ್ಟಿ ಶಾಲೆಗೆ ಕಳಿಸುತ್ತಿದ್ದವರು ಅವರೇ. ತನ್ನ ನೋವಿನಿಂದ ಹುಟ್ಟಿದ ಸೈಕಲ್ಲನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೆ. ಅದಕ್ಕಾಗಿ ಹದಿನಾಲ್ಕು ಮನೆಯ ಅನ್ನಕ್ಕೆ ಕಲ್ಲು ಹಾಕಿದೆ ಎಂದು ಇಪ್ಪತ್ತು ವರ್ಷ ಕೊರಗಿದರು. ಕೊನೆಗೆ ನನ್ನನ್ನು ಕರೆದುಕೊಂಡು ಯಜಮಾನರ ಮನೆಗೆ ಹೋಗಿ ಹೇಳಿಯೇಬಿಟ್ಟರು.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿತ್ತು ಕಣಯ್ಯ. ನೀನು ಮಗಳ ಲೇಸ್ ಕಟ್ಟೋದನ್ನ ದಿನಾ ಕಿಟಕೀಲಿ ನೋಡ್ತಿದ್ದೆ. ಆ ಬಗ್ಗಿ ಓಡಿಸೋ ಸೈಕಲ್ ಮಾಡೋಕೆ ನಂಗೂ ಮನಸ್ಸಿರಲಿಲ್ಲ. ನಿನ್ನ ಬೆನ್ನು ನೆಪಕ್ಕೆ ಸಿಕ್ತು."

ಇಬ್ಬರೂ ಸೇರಿ ಕಂಪನಿ ಮುಳುಗಿಸಿದಿರಲ್ಲ ಎಂದು ನನಗೆ ರೇಗಿತು. ಅಷ್ಟರಲ್ಲಿ ಅಪ್ಪ ಕೂತಲ್ಲೇ ಮುಂದಕ್ಕೆ ಬಗ್ಗಿದರು.

"ಹಾಗಾದ್ರೆ ಇಷ್ಟು ವರ್ಷ ನಾನೊಬ್ನೇ ಕೊರಗಿದ್ನಾ ಸಾರ್?"

"ಒಬ್ನೇ ಯಾಕಾಗ್ತೀಯ," ಎಂದರು ಯಜಮಾನರು. "ನಾನು ನಿಂಗೆ ಹೇಳಿರಲಿಲ್ಲ, ಅಷ್ಟೆ."