ಭಾವನ ಒಂದೇ ರಿಪೇರಿ

ಅಕ್ಕನ ಗಂಡ ಇಪ್ಪತ್ತು ವರ್ಷದಿಂದ ಎಸಿ ಮೆಕ್ಯಾನಿಕ್. ಅವರಿಗೆ ಬರುವುದು ಒಂದೇ ರಿಪೇರಿ. ಒಳಗೆ ಗ್ಯಾಸಿನ ಒತ್ತಡ ಮಿತಿಮೀರಿದರೆ ಯಂತ್ರವನ್ನು ನಿಲ್ಲಿಸಿ ಕಾಪಾಡಲೆಂದೇ ಪ್ರೆಷರ್ ಸ್ವಿಚ್ ಇರುತ್ತದೆ. ಯಂತ್ರ ನಿಂತಿತೆಂದರೆ ಈ ಮಹಾನುಭಾವರು ಸ್ವಿಚ್ಚಿನ ಎರಡು ವೈರು ಕಿತ್ತು ಒಂದಕ್ಕೊಂದು ಹೆಣೆದು, "ಸ್ವಿಚ್ ಕೆಟ್ಟಿತ್ತು, ಈಗ ನೋಡಿ" ಎನ್ನುತ್ತಾರೆ. ತಣ್ಣನೆ ಗಾಳಿ ಬರುತ್ತದೆ. ನನ್ನ ಔಷಧಿ ಅಂಗಡಿಯಲ್ಲೂ ಬಂತು. ಹನ್ನೆರಡನೇ ದಿನ ಕಂಪ್ರೆಸರ್ ಸುಟ್ಟುಹೋಯಿತು. "ಹಳೇ ಮಾಲು ಕಣಯ್ಯ" ಎಂದು ಕೈತೊಳೆದುಕೊಂಡರು. ಎಸಿಯ ಹೊರಗಿನ ಪೆಟ್ಟಿಗೆಯ ಜಾಲರಿಯಲ್ಲಿ ಕಂಬಳಿಯಷ್ಟು ದಪ್ಪ ಧೂಳಿತ್ತು. ಪಾಪ, ತಿಳಿಯದ ಮನುಷ್ಯ ಎಂದುಕೊಂಡೆ.

ಮೊನ್ನೆ ಅಕ್ಕನ ಮನೆಗೆ ಹೋದಾಗ ಭಾವ ತಮ್ಮ ಎಸಿಯ ಜಾಲರಿಯನ್ನು ಪೈಪು ಹಿಡಿದು ತೊಳೆಯುತ್ತಿದ್ದರು.

"ಧೂಳು ಕಟ್ಟಿದ್ರೆ ಪ್ರೆಷರ್ ಏರತ್ತಂತೆ," ಎಂದಳು ಅಕ್ಕ. "ಒಂದು ಭಾನುವಾರಾನೂ ತಪ್ಪಿಸಲ್ಲ."